ಸುಧಾರಣೆಗೆ ಸಾಲ, ಸಾಲಕ್ಕೆ ಸುಂಕ: ಕಜಾರ್ ದೊರೆಗಳ ಪರ್ಷಿಯಾ

1872ರ ಜುಲೈನಲ್ಲಿ ಪರ್ಷಿಯಾದ, ಅಂದರೆ ಇವತ್ತಿನ ಇರಾನಿನ, ದೊರೆ ನಾಸಿರುದ್ದೀನ್ ಶಾ ಒಂದು ಒಪ್ಪಂದಕ್ಕೆ ರುಜು ಹಾಕಿದ. ಆ ಕಡೆಯವನು ಬ್ರಿಟಿಷ್ ಪ್ರಜೆ ಬ್ಯಾರನ್ ಜೂಲಿಯಸ್ ಡಿ ರಾಯಿಟರ್. ಹೌದು, ರಾಯಿಟರ್ಸ್ ಸುದ್ದಿ ಸಂಸ್ಥೆ ಕಟ್ಟಿದವನೇ. ಒಪ್ಪಂದದಲ್ಲಿ ಏನೇನಿತ್ತು ಅಂತ ನೋಡಿದರೆ ತಲೆ ತಿರುಗುತ್ತದೆ. ಕ್ಯಾಸ್ಪಿಯನ್ ಸಮುದ್ರದಿಂದ ಪರ್ಷಿಯನ್ ಕೊಲ್ಲಿಯವರೆಗೆ ರೈಲು ಹಾಕುವ ಹಕ್ಕು. ಊರುಗಳಲ್ಲಿ ಟ್ರಾಮ್ ಓಡಿಸುವ ಹಕ್ಕು. ಚಿನ್ನ, ಬೆಳ್ಳಿ, ರತ್ನ ಬಿಟ್ಟು ಉಳಿದ ಗಣಿಗಳು. ಕಾಡು, ನೀರಾವರಿ. ಮುಂದೆ ಬ್ಯಾಂಕ್ ತೆರೆಯುವುದಾದರೆ ಅದಕ್ಕೂ ಮೊದಲ ಅವಕಾಶ ಇವನಿಗೇ. ಇಷ್ಟೂ 70 ವರ್ಷಕ್ಕೆ. ಜೊತೆಗೆ 25 ವರ್ಷ ದೇಶದ ಸುಂಕ ವಸೂಲಿಯ ಗುತ್ತಿಗೆ.

ಒಂದು ದೇಶವನ್ನೇ ಒಬ್ಬ ವ್ಯಾಪಾರಿಗೆ ಬರೆದುಕೊಟ್ಟ ಹಾಗಾಯಿತು, ಅಲ್ವಾ? ದೊರೆಗೆ ಬುದ್ಧಿ ಇರಲಿಲ್ಲ, ಮಂತ್ರಿಗಳು ಲಂಚ ತಿಂದರು ಅಂತ ಹೇಳಿ ಮುಗಿಸಬಹುದು. ಲಂಚ ಓಡಾಡಿದ್ದು ನಿಜವೇ. ಆದರೆ ಈ ಒಪ್ಪಂದದ ಹಿಂದಿದ್ದ ಪ್ರಧಾನಿ ಮಿರ್ಜಾ ಹುಸೇನ್ ಖಾನ್ ಆ ಕಾಲದ ದೊಡ್ಡ ಸುಧಾರಕ. ಇಸ್ತಾಂಬುಲ್‌ನಲ್ಲಿ ರಾಯಭಾರಿಯಾಗಿದ್ದು, ಅಲ್ಲಿ ಆಟೊಮನ್ನರು ಹೊಸ ಕಾನೂನು, ಹೊಸ ಕಚೇರಿ ಕಟ್ಟುವುದನ್ನು ಕಣ್ಣಾರೆ ಕಂಡು ಬಂದವನು. ದೇಶ ಉದ್ಧಾರ ಮಾಡಬೇಕು ಅಂತಲೇ ಅವನು ದೇಶವನ್ನು ಒತ್ತೆ ಇಡಲು ಹೊರಟ. 19ನೇ ಶತಮಾನದ ಪರ್ಷಿಯಾದಲ್ಲಿ ಸುಧಾರಣೆ ಮತ್ತು ವಿದೇಶಿ ಹಿಡಿತ ಯಾಕೆ ಒಂದೇ ಗಾಡಿಯಲ್ಲಿ ಬಂದವು ಎಂಬುದು ಅರ್ಥವಾಗಬೇಕಾದರೆ ಖಜಾನೆಯಿಂದ ಶುರು ಮಾಡಬೇಕು.

ಕಜಾರ್ ಮನೆತನ 1796ರಿಂದ 1925ರವರೆಗೆ ಪರ್ಷಿಯಾ ಆಳಿತು. 'ಆಳಿತು' ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ದೊರೆಯ ಬಿರುದು 'ಶಹನ್‌ಶಾ', ರಾಜರ ರಾಜ. ಆದರೆ ಅವನ ಮಾತು ಗಟ್ಟಿಯಾಗಿ ನಡೆಯುತ್ತಿದ್ದದ್ದು ಟೆಹ್ರಾನಿನಲ್ಲಿ, ಒಂದೆರಡು ದೊಡ್ಡ ಊರುಗಳಲ್ಲಿ. ಬೆಟ್ಟಗುಡ್ಡಗಳಲ್ಲಿ ಬಖ್ತಿಯಾರಿ, ಕಶ್ಕಾಯಿ ಬುಡಕಟ್ಟಿನ ನಾಯಕರದೇ ಕಾರುಬಾರು. ಮಸೀದಿ, ಮದರಸಾ, ಮದುವೆ, ಆಸ್ತಿ ವ್ಯಾಜ್ಯ ಎಲ್ಲ ಮೌಲ್ವಿಗಳ ಕೈಯಲ್ಲಿ. ಪ್ರಾಂತ್ಯಗಳ ಗವರ್ನರ್ ಹುದ್ದೆ ಹೆಚ್ಚುಕಡಿಮೆ ಹರಾಜಿಗಿತ್ತು. ದೊರೆಗೆ ಜಾಸ್ತಿ ಪೇಷ್ಕಷ್, ಅಂದರೆ ಕಾಣಿಕೆ, ಕೊಟ್ಟವನಿಗೆ ಹುದ್ದೆ. ಮುಂದಿನ ವರ್ಷ ಇನ್ನೊಬ್ಬ ಜಾಸ್ತಿ ಕೊಟ್ಟರೆ ಹುದ್ದೆ ಅವನಿಗೆ. ಹಾಗಾಗಿ ಬಂದವನು ಕೊಟ್ಟದ್ದನ್ನು ಬೇಗ ಬೇಗ ರೈತರಿಂದ ಹಿಂಡಿಕೊಳ್ಳುತ್ತಿದ್ದ. ರೈತ ಕೊಟ್ಟ ತೆರಿಗೆ ಕೈಯಿಂದ ಕೈಗೆ ದಾಟಿ ಟೆಹ್ರಾನ್ ಮುಟ್ಟುವಷ್ಟರಲ್ಲಿ ಸವೆದುಹೋಗಿರುತ್ತಿತ್ತು.

ಇಂಥ ಸರ್ಕಾರ ಸೈನ್ಯಕ್ಕೆ ಸಂಬಳ ಕೊಡುವುದೇ ಕಷ್ಟ. ಅಂಥದ್ದರಲ್ಲಿ ಉತ್ತರದಿಂದ ರಷ್ಯಾ ಬಂತು.

ಎರಡು ಯುದ್ಧ, ಎರಡೂ ಸೋಲು. 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಕಾಕಸಸ್‌ನ ದೊಡ್ಡ ಭಾಗ ಹೋಯಿತು. 1828ರ ತುರ್ಕ್‌ಮನ್‌ಚಾಯ್ ಒಪ್ಪಂದದಲ್ಲಿ ಯೆರೆವಾನ್, ನಖ್‌ಚಿವಾನ್ ಕೂಡ ಹೋದವು. ಅದರ ಮೇಲೆ 2 ಕೋಟಿ ರೂಬಲ್ ದಂಡ. ಆದರೆ ನೆಲ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಜೊತೆಗೆ ಬಂದ ವ್ಯಾಪಾರದ ಷರತ್ತುಗಳಲ್ಲಿತ್ತು ಅಂತ ನನಗನ್ನಿಸುತ್ತದೆ. ರಷ್ಯಾದ ಮಾಲಿನ ಮೇಲೆ 5% ಮಾತ್ರ ಸುಂಕ. ರಷ್ಯಾದ ಪ್ರಜೆಯ ಮೇಲೆ ಪರ್ಷಿಯಾದಲ್ಲಿ ಕೇಸು ನಡೆಯಬೇಕಾದರೆ ರಷ್ಯಾದ ಕಾನ್ಸುಲ್ (ಆ ಸರ್ಕಾರದ ಪ್ರತಿನಿಧಿ) ಅಲ್ಲಿರಬೇಕು. 1841ರಲ್ಲಿ ಬ್ರಿಟಿಷರೂ ಅದೇ 5% ದರ ಕೇಳಿ ಪಡೆದರು. ಊರ ವ್ಯಾಪಾರಿ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳಲ್ಲಿ ದುಡ್ಡು ಕಟ್ಟುತ್ತಾ ಹೋಗಬೇಕು. ಪರದೇಶಿ ವ್ಯಾಪಾರಿ ಗಡಿಯಲ್ಲಿ ಒಂದು ಸಲ ಕಟ್ಟಿದರೆ ಮುಗಿಯಿತು. ತಮ್ಮ ನೆಲದಲ್ಲೇ ತಮ್ಮ ನೇಕಾರರಿಗೆ ಆಸರೆ ಕೊಡುವ ದಾರಿಯನ್ನು ದೊರೆಗಳು ಹೀಗೆ ಕಳೆದುಕೊಂಡರು. ಸುಂಕ ಏರಿಸಿ ಖಜಾನೆ ತುಂಬಿಸುವ ದಾರಿಯೂ ಅದರೊಂದಿಗೇ ಮುಚ್ಚಿತು.

ಬ್ರಿಟಿಷರ ಲೆಕ್ಕ ಬೇರೆ. ಅವರ ಕಣ್ಣು ಭಾರತದ ಮೇಲೆ. ಈ ಕಥೆಗೆ ನಮ್ಮ ಕಡೆಯ ಒಂದು ಎಳೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಹೊಸ ವ್ಯವಸ್ಥೆ ಮಾಡಲು ಕೂತ ಕಮಿಷನ್‌ನ ಕಾರ್ಯದರ್ಶಿಗಳಲ್ಲಿ ಒಬ್ಬ ಜಾನ್ ಮಾಲ್ಕಮ್. ಅದೇ ವರ್ಷದ ಕೊನೆಗೆ ಅವನನ್ನು ಕಂಪನಿ ಪರ್ಷಿಯಾಕ್ಕೆ ರಾಯಭಾರಿಯಾಗಿ ಕಳಿಸಿತು. ಟಿಪ್ಪು ಕಾಗದ ಬರೆದು ನೆರವು ಕೇಳಿದ್ದ ಅಫ್ಘಾನಿಸ್ತಾನದ ಜಮಾನ್ ಶಾನನ್ನು ಹಿಂದಿನಿಂದ ಕಟ್ಟಿಹಾಕಬೇಕು, ಫ್ರೆಂಚರನ್ನು ದೂರ ಇಡಬೇಕು ಎಂಬುದು ಕಂಪನಿಯ ಆಸೆ. ಅಲ್ಲಿಂದ ಮುಂದೆ ಬ್ರಿಟಿಷರಿಗೆ ಪರ್ಷಿಯಾ ಅಂದರೆ ಭಾರತದ ಪಶ್ಚಿಮದ ಬೇಲಿ. ಬೇಲಿ ಬೀಳಬಾರದು, ಹಾಗಂತ ತುಂಬ ಗಟ್ಟಿಯಾಗಿ ಬೆಳೆಯಲೂ ಬಾರದು. ಪರ್ಷಿಯಾದವರು ಇವತ್ತಿನ ಅಫ್ಘಾನಿಸ್ತಾನದ ಹೆರಾತ್ ಊರನ್ನು ಹಿಡಿದಾಗ 1856ರಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಸೈನ್ಯ ತಂದು ಬುಶೆಹರ್ ಬಂದರಿನಲ್ಲಿ ಇಳಿಸಿದ್ದೂ ಅದಕ್ಕೇ.

ಹೀಗೆ ಪರ್ಷಿಯಾ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಯಿತು.

ಸೋತವರು ಕೈಕಟ್ಟಿ ಕೂತಿರಲಿಲ್ಲ. ರಷ್ಯಾದ ತೋಪುಗಳ ಎದುರು ನಿಂತು ಬಡಿಸಿಕೊಂಡ ಯುವರಾಜ ಅಬ್ಬಾಸ್ ಮಿರ್ಜಾಗೆ ಪಾಠ ಬೇಗ ತಿಳಿಯಿತು. ತಬ್ರೀಜ್‌ನಲ್ಲಿ ಕೂತು ಯುರೋಪಿನ ಮಾದರಿಯ ಹೊಸ ಸೈನ್ಯ ಕಟ್ಟಲು ಹೊರಟ. 1811ರಲ್ಲಿ, ಮತ್ತೆ 1815ರಲ್ಲಿ ಹುಡುಗರನ್ನು ಓದಲು ಇಂಗ್ಲೆಂಡಿಗೆ ಕಳಿಸಿದ. ಸೈನ್ಯಕ್ಕೆ ತರಬೇತಿ ಕೊಡಲು ಮೊದಲು ಫ್ರೆಂಚರು ಬಂದರು. ನೆಪೋಲಿಯನ್ ರಷ್ಯಾದ ಜೊತೆ ರಾಜಿ ಮಾಡಿಕೊಂಡ ಮೇಲೆ ಅವರು ಹೋಗಿ ಬ್ರಿಟಿಷರು ಬಂದರು. 1826ರಲ್ಲಿ ರಷ್ಯಾದ ಜೊತೆ ಎರಡನೇ ಯುದ್ಧ ಶುರುವಾದಾಗ, ಜಗಳ ತೆಗೆದದ್ದು ನೀವೇ ಅಂತ ಹೇಳಿ ಬ್ರಿಟಿಷರು ಕೊಡಬೇಕಿದ್ದ ದುಡ್ಡು ಕೊಡಲಿಲ್ಲ. ಅಬ್ಬಾಸ್ ಮಿರ್ಜಾ ಅಪ್ಪನಿಗಿಂತ ಮೊದಲೇ, 1833ರಲ್ಲಿ ತೀರಿಕೊಂಡ.

ಇವನ ನಂತರ ಬಂದವನು ಅಮೀರ್ ಕಬೀರ್. ಇರಾನಿನಲ್ಲಿ ಇವತ್ತಿಗೂ ಜನ ಪ್ರೀತಿಯಿಂದ ನೆನೆಯುವ ಹೆಸರು. ಅಪ್ಪ ಒಬ್ಬ ಮಂತ್ರಿಯ ಮನೆಯಲ್ಲಿ ಅಡುಗೆಯವನು. ಹುಡುಗ ಚುರುಕು ಅಂತ ಮಂತ್ರಿ ಮನೆಯ ಮಕ್ಕಳ ಜೊತೆಗೇ ಓದಲು ಬಿಟ್ಟರು. 1848ರಲ್ಲಿ ಹದಿಹರೆಯದ ನಾಸಿರುದ್ದೀನ್ ಪಟ್ಟಕ್ಕೆ ಬಂದಾಗ ಇವನು ಪ್ರಧಾನಿಯಾದ. ಮೂರು ವರ್ಷ ಅಷ್ಟೇ ಸಿಕ್ಕಿದ್ದು. ಆ ಮೂರು ವರ್ಷದಲ್ಲಿ ಪತ್ರಿಕೆ ಶುರುವಾಯಿತು, ಸಿಡುಬಿಗೆ ಚುಚ್ಚುಮದ್ದು ಬಂತು, ಸಕ್ಕರೆ, ಬಟ್ಟೆ ತಯಾರಿಸುವ ಕಾರ್ಖಾನೆಗಳಿಗೆ ಕೈ ಹಾಕಿದ್ದಾಯಿತು. ದಾರುಲ್ ಫುನೂನ್ ಎಂಬ ಹೊಸ ಕಾಲೇಜು ಕಟ್ಟಿಸಿದ. ಅದಕ್ಕೆ ಮೇಷ್ಟ್ರುಗಳನ್ನು ಬ್ರಿಟನ್ನಿನಿಂದಲೂ ಕರೆಸಲಿಲ್ಲ, ರಷ್ಯಾದಿಂದಲೂ ಕರೆಸಲಿಲ್ಲ. ಆಸ್ಟ್ರಿಯಾದಿಂದ ಕರೆಸಿದ. ಪರ್ಷಿಯಾದ ಗಡಿಯಲ್ಲಿ ಆಸ್ಟ್ರಿಯಾಕ್ಕೆ ಏನೂ ಕೆಲಸ ಇರಲಿಲ್ಲ ನೋಡಿ, ಅದಕ್ಕೆ.

ಅವನ ನಿಜವಾದ ಸಾಹಸ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ಅರಮನೆಯಲ್ಲಿ ಸುಮ್ನೆ ಕೂತು ಪಿಂಚಣಿ ತಿನ್ನುತ್ತಿದ್ದವರ ಪಟ್ಟಿ ತೆಗೆದು ಕತ್ತರಿ ಹಾಕಿದ. ಹೊರಗಿನವರ ಹತ್ತಿರ ಸಾಲ ಮಾಡದೆ, ಒಳಗಿನ ಸೋರಿಕೆ ನಿಲ್ಲಿಸಿ ಸುಧಾರಣೆಗೆ ದುಡ್ಡು ಹುಟ್ಟಿಸುವ ದಾರಿ ಇದು. ಅದೇ ಅವನ ಪ್ರಾಣಕ್ಕೆ ಬಂತು. ಪಿಂಚಣಿ ಕಳೆದುಕೊಂಡವರು, ರಾಜಮಾತೆ ಮಹ್ದ್-ಎ ಒಲ್ಯಾ, ಪ್ರಧಾನಿ ಪಟ್ಟದ ಮೇಲೆ ಕಣ್ಣಿಟ್ಟಿದ್ದ ಮಿರ್ಜಾ ಆಕಾ ಖಾನ್ ನೂರಿ, ಎಲ್ಲರೂ ಒಂದಾದರು. 1851ರ ನವೆಂಬರಿನಲ್ಲಿ ಹುದ್ದೆ ಹೋಯಿತು. ಕಾಶಾನಿಗೆ ಗಡಿಪಾರು. ದೊರೆಯ ತಂಗಿ ಇವನ ಹೆಂಡತಿ. ವಿಷ ಹಾಕಿಯಾರು ಅಂತ ಆಕೆ ಗಂಡನ ಊಟವನ್ನು ಮೊದಲು ತಾನು ರುಚಿ ನೋಡುತ್ತಿದ್ದಳಂತೆ. ಕೊನೆಗೆ 1852ರ ಜನವರಿಯಲ್ಲಿ ದೊರೆಯ ಆಜ್ಞೆ ಹಿಡಿದು ಆಳುಗಳು ಬಂದರು. ಕಾಶಾನಿನ ಫಿನ್ ತೋಟದ ಸ್ನಾನದ ಮನೆಯಲ್ಲಿ ಅವನ ರಕ್ತನಾಳ ಕೊಯ್ದು ಕೊಂದರು. ದಾರುಲ್ ಫುನೂನ್ ಕಾಲೇಜು ಶುರುವಾಗಿ ಆಗ ಎರಡು ವಾರ ಆಗಿತ್ತು ಅಷ್ಟೇ.

ಒಳಗಿನ ಸೋರಿಕೆ ಮುಟ್ಟಿದರೆ ಜೀವಕ್ಕೇ ಅಪಾಯ ಎಂಬುದು ಮುಂದೆ ಬಂದವರಿಗೆಲ್ಲ ಚೆನ್ನಾಗಿ ಗೊತ್ತಾಯಿತು. ಹಾಗಿದ್ದರೆ ದುಡ್ಡು ಎಲ್ಲಿಂದ? ಹೊರಗಿನಿಂದ. ಹೊರಗಿನವರಿಗೆ ಕೊಡಲು ಏನಿದೆ? ಹಕ್ಕುಗಳು. ರಾಯಿಟರ್ ಒಪ್ಪಂದ ಹುಟ್ಟಿದ್ದು ಈ ಲೆಕ್ಕದಿಂದ. 1870-71ರ ಭೀಕರ ಬರಗಾಲವೂ ಆಗಷ್ಟೇ ದೇಶವನ್ನು ನುಂಗಿತ್ತು. ಮಿರ್ಜಾ ಹುಸೇನ್ ಖಾನನ ಪ್ರಕಾರ ರೈಲು ಒಂದು ಬಂದರೆ ಎಲ್ಲ ಬಂದ ಹಾಗೆ. ಬ್ರಿಟಿಷ್ ಬಂಡವಾಳ ಒಳಗೆ ಬಂದರೆ ರಷ್ಯಾದಿಂದ ಕಾಪಾಡುವ ಹೊಣೆಯೂ ಬ್ರಿಟಿಷರ ತಲೆಗೇ ಬೀಳುತ್ತದೆ ಅಂತಲೂ ಲೆಕ್ಕ ಹಾಕಿದ್ದ. ಕೆಟ್ಟ ಲೆಕ್ಕವೇನಲ್ಲ. ಆದರೆ ಬ್ರಿಟಿಷ್ ಸರ್ಕಾರ ರಾಯಿಟರ್ ಬೆನ್ನಿಗೆ ನಿಲ್ಲಲೇ ಇಲ್ಲ.

1873ರಲ್ಲಿ ದೊರೆ ಮೊದಲ ಸಲ ಯುರೋಪ್ ಪ್ರವಾಸ ಹೊರಟ. ಮೊದಲು ಸಿಕ್ಕಿದ್ದು ರಷ್ಯಾ. ಅಲ್ಲಿನವರು ಒಪ್ಪಂದದ ಬಗ್ಗೆ ಸಿಡಿಮಿಡಿ. ಜೊತೆಯಲ್ಲಿ ಹೋಗಿದ್ದ ಅಚ್ಚುಮೆಚ್ಚಿನ ರಾಣಿ ಅನೀಸ್ ಅಲ್-ದೌಲಾಳನ್ನು ಪ್ರಧಾನಿಯ ಸಲಹೆ ಮೇಲೆ ಮಾಸ್ಕೋದಿಂದಲೇ ವಾಪಸ್ ಕಳಿಸಿದರು. ಆಕೆ ಆ ಅವಮಾನ ಮರೆಯಲಿಲ್ಲ. ಊರಿಗೆ ಬಂದು ಪ್ರಧಾನಿಯ ವಿರೋಧಿಗಳ ಜೊತೆ ಸೇರಿಕೊಂಡಳು. ಮೌಲ್ವಿಗಳು, ರಾಜಕುಮಾರರು, ಅಂತಃಪುರ, ರಷ್ಯಾದ ಪರವಾದ ಅಧಿಕಾರಿಗಳು. ದೊರೆ ಹಡಗಿಳಿಯುತ್ತಿದ್ದಂತೆ ಇವನನ್ನು ತೆಗೆಯಿರಿ ಅಂತ ಕಾಗದಗಳು ಬಂದವು. ಪ್ರಧಾನಿಯ ಪದವಿ ಹೋಯಿತು. ಹೇಳಿದ ಸಮಯಕ್ಕೆ ರೈಲಿನ ಕೆಲಸ ಶುರುವಾಗಿಲ್ಲ ಎಂಬ ನೆಪ ಹೇಳಿ ಒಪ್ಪಂದವನ್ನೂ ರದ್ದು ಮಾಡಿದರು. ರಾಯಿಟರ್ ಬಿಡುವ ಆಸಾಮಿಯಲ್ಲ. 1889ರಲ್ಲಿ ಪರಿಹಾರದ ರೂಪದಲ್ಲಿ ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಷಿಯಾ ತೆರೆಯುವ ಹಕ್ಕು ಪಡೆದ. ದೇಶದ ನೋಟು ಅಚ್ಚು ಹಾಕುವ ಏಕಸ್ವಾಮ್ಯ 60 ವರ್ಷ ಆ ಬ್ಯಾಂಕಿಗೆ.

ರಷ್ಯಾ ಸುಮ್ನೆ ಇರುತ್ತದೆಯೇ? 1878ರ ಪ್ರವಾಸದಲ್ಲಿ ರಷ್ಯಾದ ಕೊಸಾಕ್ ಕುದುರೆ ಸವಾರರನ್ನು ನೋಡಿ ದೊರೆ ಮರುಳಾಗಿದ್ದ. ಮುಂದಿನ ವರ್ಷವೇ ಟೆಹ್ರಾನಿನಲ್ಲಿ ಕೊಸಾಕ್ ದಳ ತಯಾರಾಯಿತು. ಸಿಪಾಯಿಗಳು ಪರ್ಷಿಯಾದವರು, ಮೇಲಧಿಕಾರಿಗಳು ರಷ್ಯನ್ನರು. ದೊರೆಯ ಕೈಯಲ್ಲಿದ್ದ ಶಿಸ್ತಿನ ಸೈನ್ಯ ಅಂದರೆ ಅದೊಂದೇ. ರೈಲಿನ ವಿಷಯದಲ್ಲಂತೂ ತಮಾಷೆ. ನೀನು ಹಾಕಿದರೆ ನಾನು ಬಿಡಲ್ಲ, ನಾನು ಹಾಕಿದರೆ ನೀನು ಬಿಡಲ್ಲ ಎಂಬ ಹಟ. 1890ರಲ್ಲಿ ರಷ್ಯಾ ಹತ್ತು ವರ್ಷ ಪರ್ಷಿಯಾದಲ್ಲಿ ಯಾರೂ ರೈಲು ಹಾಕುವಂತಿಲ್ಲ ಅಂತಲೇ ಬರೆಸಿಕೊಂಡಿತು. ಆಗ ಇದ್ದದ್ದು ಟೆಹ್ರಾನಿನಿಂದ ಹತ್ತಿರದ ಶಾ ಅಬ್ದುಲ್ ಅಜೀಂ ದರ್ಗಾಕ್ಕೆ ಹೋಗುವ, 9 ಕಿಲೋಮೀಟರಿಗಿಂತ ಕಡಿಮೆ ಉದ್ದದ, ಬೆಲ್ಜಿಯಂನವರು ಹಾಕಿದ ಒಂದು ಪುಟ್ಟ ಹಳಿ.

ಸಿಟ್ಟು ಒಡೆದದ್ದು ಹೊಗೆಸೊಪ್ಪಿನ ವಿಷಯದಲ್ಲಿ. 1890ರ ಮಾರ್ಚಿನಲ್ಲಿ ದೊರೆ ಮೇಜರ್ ಜೆರಾಲ್ಡ್ ಟಾಲ್ಬಟ್ ಎಂಬ ಇಂಗ್ಲಿಷಿನವನಿಗೆ ದೇಶದ ಇಡೀ ಹೊಗೆಸೊಪ್ಪಿನ ವ್ಯಾಪಾರವನ್ನು 50 ವರ್ಷಕ್ಕೆ ಬರೆದುಕೊಟ್ಟ. ವರ್ಷಕ್ಕೆ 15,000 ಪೌಂಡ್, ಜೊತೆಗೆ ಲಾಭದ ಕಾಲು ಭಾಗ. ರೈಲು, ಗಣಿ ಇವೆಲ್ಲ ಸಾಮಾನ್ಯ ಜನ ಕಾಣದ ಸಂಗತಿಗಳು. ಹೊಗೆಸೊಪ್ಪು ಹಾಗಲ್ಲ. ಗಂಡಸರು, ಹೆಂಗಸರು ಎಲ್ಲರೂ ಹುಕ್ಕಾ ಸೇದುವ ದೇಶ. ಬೆಳೆಯುವವನು, ಮಾರುವವನು, ಅಂಗಡಿ ಇಟ್ಟವನು, ಸೇದುವವನು, ಎಲ್ಲರಿಗೂ ಒಂದೇ ದಿನ ಹೊಸ ಯಜಮಾನ ಬಂದ ಹಾಗಾಯಿತು.

1891ರ ವಸಂತದಲ್ಲಿ ಶಿರಾಜ್‌ನಲ್ಲಿ ಗಲಾಟೆ ಶುರುವಾಯಿತು. ಆಮೇಲೆ ತಬ್ರೀಜ್, ಇಸ್ಫಹಾನ್, ಮಶ್ಹದ್. ಡಿಸೆಂಬರಿನಲ್ಲಿ ಒಂದು ಫತ್ವಾ ಹಬ್ಬಿತು. ಇನ್ನು ಮುಂದೆ ಯಾವ ರೂಪದಲ್ಲಿ ತಂಬಾಕು ಬಳಸಿದರೂ ಅದು ಇಮಾಮರ ಮೇಲೆ ಯುದ್ಧ ಸಾರಿದಂತೆ ಎಂಬುದು ಅದರ ಸಾರ. ಇರಾಕಿನ ಸಮರ್ರಾದಲ್ಲಿದ್ದ ಹಿರಿಯ ಧರ್ಮಗುರು ಮಿರ್ಜಾ ಹಸನ್ ಶಿರಾಜಿ ಹೆಸರಿನಲ್ಲಿ ಬಂದ ಆಜ್ಞೆ. ಭಾರತದ ಜೊತೆ ಮಾತಾಡಲು ಬ್ರಿಟಿಷರು ಪರ್ಷಿಯಾದ ಉದ್ದಗಲಕ್ಕೂ ತಂತಿ ಎಳೆದಿದ್ದರು. ಈಗ ಒಂದೂರಿನ ಸುದ್ದಿ ಇನ್ನೊಂದೂರಿಗೆ ತಲುಪಿದ್ದು ಟೆಲಿಗ್ರಾಫ್ ಮೂಲಕವೇ. ಅಂಗಡಿಗಳು ಮುಚ್ಚಿದವು. ಹುಕ್ಕಾಗಳು ಮೂಲೆ ಸೇರಿದವು. ಅರಮನೆಯ ಒಳಗೆ ದೊರೆಯ ಹೆಂಡಂದಿರೂ ಸೇದುವುದು ಬಿಟ್ಟರು. ಟೆಹ್ರಾನಿನ ದೊಡ್ಡ ಮೌಲ್ವಿ ಅಶ್ತಿಯಾನಿಗೆ, ಒಂದೋ ಎಲ್ಲರೆದುರು ಹುಕ್ಕಾ ಸೇದು, ಇಲ್ಲ ಊರು ಬಿಡು ಅಂತ ಆಜ್ಞೆ ಹೋಯಿತು. ಅವನು ಊರು ಬಿಡುತ್ತೇನೆ ಅಂದ. ಸುದ್ದಿ ಕೇಳಿ ಜನ ಅರಮನೆಗೆ ಮುತ್ತಿಗೆ ಹಾಕಿದರು, ಗುಂಡು ಹಾರಿತು, ಹೆಣ ಬಿದ್ದವು. 1892ರ ಜನವರಿಯಲ್ಲಿ ದೊರೆ ಕೈಚೆಲ್ಲಿದ.

ಗೆದ್ದರು, ಆದರೆ ಬಿಲ್ಲು ಬಂತು. ಹೊಗೆಸೊಪ್ಪಿನ ಹಕ್ಕು ಪಡೆದಿದ್ದ ಇಂಗ್ಲಿಷ್ ಕಂಪನಿಗೆ 5 ಲಕ್ಷ ಪೌಂಡ್ ಪರಿಹಾರ. ಖಜಾನೆಯಲ್ಲಿ ಅಷ್ಟು ಎಲ್ಲಿದೆ? ಅದೇ ಇಂಪೀರಿಯಲ್ ಬ್ಯಾಂಕಿನಿಂದ 6% ಬಡ್ಡಿಗೆ ತಂದರು. ಪರ್ಷಿಯಾದ ಮೊದಲ ವಿದೇಶಿ ಸಾಲ ಇದು. ಸಾಲಕ್ಕೆ ಒತ್ತೆ ಇಟ್ಟದ್ದು ಕೊಲ್ಲಿಯ ಬಂದರುಗಳ ಸುಂಕ. ಒಂದು ಇಂಗ್ಲಿಷ್ ಕಂಪನಿಯನ್ನು ಓಡಿಸಲು ಇನ್ನೊಂದು ಇಂಗ್ಲಿಷ್ ಕಂಪನಿಯಿಂದ ಸಾಲ!

1896ರ ಮೇ 1ರಂದು ಮಿರ್ಜಾ ರಜಾ ಕಿರ್ಮಾನಿ ಎಂಬವನು ಅಬ್ದುಲ್ ಅಜೀಂ ದರ್ಗಾದಲ್ಲಿ ನಾಸಿರುದ್ದೀನನಿಗೆ ಗುಂಡಿಟ್ಟ. ಮಗ ಮುಜಫ್ಫರುದ್ದೀನ್ ಮೆತ್ತಗಿನ ಮನುಷ್ಯ, ರೋಗಿ. ವೈದ್ಯರು ಯುರೋಪಿನ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದು ಬನ್ನಿ ಅಂದರು. ಪ್ರವಾಸಕ್ಕೆ ಸಾಲ ಬೇಕು. 1900ರಲ್ಲಿ ರಷ್ಯಾ 2 ಕೋಟಿ 25 ಲಕ್ಷ ರೂಬಲ್ ಕೊಟ್ಟಿತು. ಮೊದಲ ಷರತ್ತು, ಬ್ರಿಟಿಷ್ ಬ್ಯಾಂಕಿನ ಹಳೆ ಸಾಲ ತೀರಿಸಿ. ಎರಡನೆಯದು, ನಮ್ಮನ್ನು ಕೇಳದೆ ಬೇರೆಯವರ ಹತ್ತಿರ ಸಾಲ ಮಾಡಬೇಡಿ. ಒತ್ತೆ? ಕೊಲ್ಲಿಯ ಬಂದರು ಬಿಟ್ಟು ಉಳಿದ ಎಲ್ಲ ಸುಂಕ. 1902ರಲ್ಲಿ ಇನ್ನೂ ಒಂದು ಕೋಟಿ ರೂಬಲ್. ಇವೆರಡರ ನಡುವೆ, 1901ರಲ್ಲಿ, ವಿಲಿಯಂ ನಾಕ್ಸ್ ಡಾರ್ಸಿ ಎಂಬವನಿಗೆ ಎಣ್ಣೆ ಹುಡುಕುವ ಹಕ್ಕು 60 ವರ್ಷಕ್ಕೆ ಹೋಯಿತು. 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಲಾಭದಲ್ಲಿ 16%. ರಷ್ಯಾಕ್ಕೆ ಸಿಟ್ಟು ಬರಬಾರದು ಅಂತ ಉತ್ತರದ ಐದು ಪ್ರಾಂತ್ಯ ಬಿಟ್ಟಿದ್ದರು. ಆಗ ಯಾರೂ ಇದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ.

ಸುಂಕದ ಇಲಾಖೆ ಸರಿಮಾಡಲು ಬೆಲ್ಜಿಯಂನಿಂದ ಜೋಸೆಫ್ ನೌಸ್ ಎಂಬ ಅಧಿಕಾರಿ ಬಂದಿದ್ದ. ಕೆಲಸ ಚೆನ್ನಾಗಿಯೇ ಮಾಡಿದ, ವಸೂಲಿ ಏರಿತು. ಆದರೆ ಏರಿದ ವಸೂಲಿ ರಷ್ಯಾದ ಸಾಲಕ್ಕೆ ಹೋದರೆ ಬಜಾರಿನ ವ್ಯಾಪಾರಿಗೆ ಅದರಲ್ಲಿ ಏನು ಬಂತು? ಸುಧಾರಣೆ ಅಂದರೆ ಅವನ ಪಾಲಿಗೆ ಜಾಸ್ತಿ ತೆರಿಗೆ ಮಾತ್ರ. ನೌಸ್ ಒಂದು ವೇಷದ ಪಾರ್ಟಿಯಲ್ಲಿ ಮುಲ್ಲಾನ ಉಡುಪು ಹಾಕಿ ತೆಗೆಸಿಕೊಂಡ ಫೋಟೋ 1905ರಲ್ಲಿ ಕೈಯಿಂದ ಕೈಗೆ ಓಡಾಡಿತು. ಅದೇ ವರ್ಷ ರಷ್ಯಾ ಜಪಾನಿನೊಂದಿಗೆ ಯುದ್ಧದಲ್ಲಿತ್ತು, ಒಳಗೂ ಕ್ರಾಂತಿ. ಅಲ್ಲಿಂದ ಬರುವ ಸಕ್ಕರೆ ತುಟ್ಟಿಯಾಯಿತು. ಡಿಸೆಂಬರಿನಲ್ಲಿ ಟೆಹ್ರಾನಿನ ಗವರ್ನರ್ ಸಕ್ಕರೆ ವ್ಯಾಪಾರಿಗಳನ್ನು ಹಿಡಿಸಿ ಅಂಗಾಲಿಗೆ ಬೆತ್ತದಿಂದ ಹೊಡೆಸಿದ. ಅದರಲ್ಲಿ ಊರಿಗೇ ಬೇಕಾದ ಒಬ್ಬ ಮುದುಕನೂ ಇದ್ದ. ಬಜಾರ್ ಮುಚ್ಚಿತು.

1906ರ ಬೇಸಿಗೆಯಲ್ಲಿ ನಡೆದದ್ದು ವಿಚಿತ್ರ. ಮೌಲ್ವಿಗಳು ಊರು ಬಿಟ್ಟು ಕುಮ್ ಎಂಬ ಪುಣ್ಯಕ್ಷೇತ್ರಕ್ಕೆ ಹೋದರು. ವ್ಯಾಪಾರಿಗಳು ಆಶ್ರಯ ಬೇಡಿ ಬ್ರಿಟಿಷ್ ರಾಯಭಾರ ಕಚೇರಿಯ ತೋಟಕ್ಕೆ ನುಗ್ಗಿದರು. ಮೊದಲು ಹತ್ತಾರು ಜನ, ಕೊನೆಗೆ ಹನ್ನೆರಡು ಸಾವಿರ ದಾಟಿತು. ಒಂದೊಂದು ಕಸುಬಿನವರಿಗೆ ಒಂದೊಂದು ಡೇರೆ. ಚಮ್ಮಾರರದು ಒಂದು, ಬಟ್ಟೆ ವ್ಯಾಪಾರಿಗಳದು ಒಂದು. ದೊಡ್ಡ ದೊಡ್ಡ ಹಂಡೆಗಳಲ್ಲಿ ಅನ್ನ ಬೇಯುತ್ತಿತ್ತು. ಖರ್ಚು ದೊಡ್ಡ ವ್ಯಾಪಾರಿಗಳದು. ದಾರುಲ್ ಫುನೂನ್‌ನ ಹುಡುಗರು ಬಂದು ಕೂತು ಸಂವಿಧಾನ ಅಂದರೇನು, ಪಾರ್ಲಿಮೆಂಟ್ ಅಂದರೇನು ಅಂತ ಪಾಠ ಮಾಡಿದರು. ಊರು ಬಣಗುಡುತ್ತಿತ್ತು. ಆಗಸ್ಟ್ 5ರಂದು ದೊರೆ ಮಜ್ಲಿಸ್‌ಗೆ, ಅಂದರೆ ಪಾರ್ಲಿಮೆಂಟಿಗೆ, ಒಪ್ಪಿದ. ಡಿಸೆಂಬರ್ 30ಕ್ಕೆ ಸಂವಿಧಾನಕ್ಕೆ ರುಜು ಬಿತ್ತು, ಕೆಲವೇ ದಿನಗಳಲ್ಲಿ ಅವನು ಸತ್ತ.

ಮಜ್ಲಿಸ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಹೊಸ ವಿದೇಶಿ ಸಾಲ ಬೇಡ ಅಂದದ್ದು. ಅದರ ಬದಲು ನಮ್ಮದೇ ರಾಷ್ಟ್ರೀಯ ಬ್ಯಾಂಕ್ ಕಟ್ಟೋಣ ಅಂದರು. ಹೆಂಗಸರು ಒಡವೆ ಮಾರಿ ದುಡ್ಡು ಕೊಡಲು ಮುಂದೆ ಬಂದರು. ಸಾಕಾಗಲಿಲ್ಲ. ಅಷ್ಟರಲ್ಲಿ, 1907ರ ಆಗಸ್ಟ್ 31ರಂದು, ಬ್ರಿಟನ್ ಮತ್ತು ರಷ್ಯಾ ಜರ್ಮನಿಯ ಭಯದಿಂದ ಹಳೆ ಜಗಳ ಮರೆತು ಕೈ ಕುಲುಕಿದವು. ಪರ್ಷಿಯಾದ ಉತ್ತರ ಭಾಗ, ಟೆಹ್ರಾನ್, ಇಸ್ಫಹಾನ್ ಸೇರಿ, ರಷ್ಯಾದ ಪ್ರಭಾವಕ್ಕೆ. ಆಗ್ನೇಯ ಬ್ರಿಟಿಷರಿಗೆ. ನಡುವಿನದು ಇಬ್ಬರಿಗೂ ಮುಕ್ತ. ಪರ್ಷಿಯಾವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಲ್ಲಿಯವರೆಗೆ ದೊರೆಗಳು ಬದುಕಿದ್ದು ಒಬ್ಬರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟಿ. ಇಬ್ಬರೂ ಒಂದಾದ ಮೇಲೆ ಆ ಆಟ ನಿಂತಿತು.

1908ರ ಜೂನ್ 23ರಂದು ಹೊಸ ದೊರೆ ಮಹಮ್ಮದ್ ಅಲಿ ಶಾ ಕೊಸಾಕ್ ದಳದಿಂದ ಮಜ್ಲಿಸ್ ಕಟ್ಟಡಕ್ಕೆ ತೋಪು ಹೊಡೆಸಿದ. ಹೊಡೆಸಿದ ಕರ್ನಲ್ ಲಿಯಾಖೊವ್ ರಷ್ಯನ್. ತಬ್ರೀಜ್‌ನಲ್ಲಿ ಸತ್ತಾರ್ ಖಾನ್, ಬಾಕರ್ ಖಾನ್ ಜೊತೆ ಜನ ತಿಂಗಳುಗಟ್ಟಲೆ ಕಾದಾಡಿದರು. 1909ರ ಜುಲೈನಲ್ಲಿ ಸಂವಿಧಾನದ ಪರ ಪಡೆಗಳು ಟೆಹ್ರಾನ್ ಹಿಡಿದು, ದೊರೆಯನ್ನು ಇಳಿಸಿ, ಅವನ 11 ವರ್ಷದ ಮಗ ಅಹ್ಮದ್‌ನನ್ನು ಕೂರಿಸಿದವು. ಮತ್ತೆ ಅದೇ ಪ್ರಶ್ನೆ, ದುಡ್ಡು. ಈ ಸಲ ದೂರದ ಅಮೆರಿಕದಿಂದ ಮಾರ್ಗನ್ ಶುಸ್ಟರ್ ಎಂಬವನನ್ನು ಖಜಾನೆ ನೋಡಿಕೊಳ್ಳಲು ಕರೆಸಿದರು. ಅಮೀರ್ ಕಬೀರ್ ಆಸ್ಟ್ರಿಯಾದವರನ್ನು ಕರೆಸಿದ್ದೂ ಇದೇ ಬುದ್ಧಿಯಿಂದಲೇ. 1911ರ ಮೇನಲ್ಲಿ ಬಂದ ಶುಸ್ಟರ್ ತೆರಿಗೆ ವಸೂಲಿಗೆ ತನ್ನದೇ ಪೊಲೀಸ್ ಪಡೆ ಕಟ್ಟಿದ, ಹಳೆ ದೊರೆಯ ತಮ್ಮನ ಆಸ್ತಿಗೂ ಕೈಹಾಕಿದ. ತಕ್ಷಣ ರಷ್ಯಾ ಗಡುವು ಕೊಟ್ಟಿತು, ಇವನನ್ನು ಕಳಿಸಿ, ಇಲ್ಲ ಸೈನ್ಯ ಬರುತ್ತದೆ. ಮಜ್ಲಿಸ್ ಆಗಲ್ಲ ಅಂತು. ಡಿಸೆಂಬರಿನಲ್ಲಿ ಮಜ್ಲಿಸ್ಸನ್ನೇ ಮುಚ್ಚಿಸಿದರು. ಅಮೀರ್ ಕಬೀರನನ್ನು ತೆಗೆದದ್ದು ಅರಮನೆಯವರು, ಶುಸ್ಟರನನ್ನು ತೆಗೆದದ್ದು ರಷ್ಯಾದ ಆಗಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್. ಇಬ್ಬರೂ ಮುಟ್ಟಿದ್ದು ಮಾತ್ರ ಒಂದೇ ಜಾಗ.

ಮೊದಲ ಮಹಾಯುದ್ಧದಲ್ಲಿ ಪರ್ಷಿಯಾ ತಟಸ್ಥ ಅಂತ ಹೇಳಿಕೊಂಡರೂ ರಷ್ಯಾ, ಬ್ರಿಟನ್, ತುರ್ಕಿ ಮೂರೂ ಸೈನ್ಯಗಳು ಅಲ್ಲೇ ಕಾದಾಡಿದವು. ಬರಗಾಲ ಬಂತು. ರಷ್ಯಾದಲ್ಲಿ ಜಾರ್ ಬಿದ್ದ ಮೇಲೆ ಉಳಿದವರು ಬ್ರಿಟಿಷರು ಮಾತ್ರ. 1919ರಲ್ಲಿ 20 ಲಕ್ಷ ಪೌಂಡ್ ಸಾಲ ತೋರಿಸಿ ಸೈನ್ಯ, ಹಣಕಾಸು ಎರಡಕ್ಕೂ ತಮ್ಮ ಸಲಹೆಗಾರರನ್ನು ಕೂರಿಸುವ ಒಪ್ಪಂದ ತಂದರು. ಒಪ್ಪಿದ ಮೂವರು ಮಂತ್ರಿಗಳಿಗೆ ಗುಟ್ಟಾಗಿ ದುಡ್ಡು ಹೋಗಿತ್ತು. ಜನ ಕೆಂಡವಾದರು, ಮಜ್ಲಿಸ್ ಅದಕ್ಕೆ ಒಪ್ಪಿಗೆ ಕೊಡಲೇ ಇಲ್ಲ. 1921ರ ಫೆಬ್ರುವರಿಯಲ್ಲಿ ಕೊಸಾಕ್ ದಳದ ಅಧಿಕಾರಿ ರೆಜಾ ಖಾನ್ ತನ್ನ ಸಿಪಾಯಿಗಳೊಂದಿಗೆ ಟೆಹ್ರಾನಿಗೆ ನುಗ್ಗಿದ. ಅಹ್ಮದ್ ಶಾ 1923ರಲ್ಲಿ ಯುರೋಪಿಗೆ ಹೋದವನು ಹಿಂದಿರುಗಲಿಲ್ಲ. 1925ರಲ್ಲಿ ಮಜ್ಲಿಸ್ ಕಜಾರ್ ಮನೆತನವನ್ನು ಇಳಿಸಿತು.

ರೆಜಾ ಶಾ ಕಠೋರ, ವಿರೋಧಿಗಳನ್ನು ಉಳಿಸಿದವನಲ್ಲ. ಆದರೆ ಬುಡಕಟ್ಟುಗಳನ್ನು ಬಗ್ಗಿಸಿ, ತೆರಿಗೆ ಟೆಹ್ರಾನಿಗೆ ಬರುವಂತೆ ಮಾಡಿದ. ಆ ಮೇಲಷ್ಟೇ ಉಳಿದದ್ದು ಸಾಧ್ಯವಾಯಿತು. 1928ರಲ್ಲಿ ವಿದೇಶಿಯರ ಕಾನ್ಸುಲ್ ಕೋರ್ಟಿನ ಸವಲತ್ತು ರದ್ದಾಯಿತು, ರಾಷ್ಟ್ರೀಯ ಬ್ಯಾಂಕೂ ಶುರುವಾಯಿತು. 1930ರಲ್ಲಿ ನೋಟು ಅಚ್ಚು ಹಾಕುವ ಹಕ್ಕನ್ನು ಇಂಪೀರಿಯಲ್ ಬ್ಯಾಂಕಿನಿಂದ ದುಡ್ಡು ಕೊಟ್ಟು ಬಿಡಿಸಿಕೊಂಡರು. ಕ್ಯಾಸ್ಪಿಯನ್‌ನಿಂದ ಕೊಲ್ಲಿಗೆ ರೈಲು 1938ರಲ್ಲಿ ಮುಗಿಯಿತು, ವಿದೇಶಿ ಸಾಲ ಇಲ್ಲದೆ, ಚಹಾ ಮತ್ತು ಸಕ್ಕರೆಯ ಮೇಲೆ ಹಾಕಿದ ತೆರಿಗೆಯಿಂದ. ಎಣ್ಣೆ ಮಾತ್ರ ಕೈಗೆ ಬರಲಿಲ್ಲ. ಡಾರ್ಸಿಯ ಹಕ್ಕಿನಿಂದ ಹುಟ್ಟಿದ ಕಂಪನಿಯಲ್ಲಿ 1914ರಿಂದಲೇ ಹೆಚ್ಚಿನ ಪಾಲು ಬ್ರಿಟಿಷ್ ಸರ್ಕಾರದ್ದು. 1932ರಲ್ಲಿ ರೆಜಾ ಶಾ ಹಳೆ ಕರಾರು ರದ್ದು ಮಾಡಿ 1933ರಲ್ಲಿ ಹೊಸದು ಬರೆಸಿದ. ಅದರಲ್ಲಿ ಪಾಲು ಸ್ವಲ್ಪ ಜಾಸ್ತಿಯಾಯಿತು. ಅವಧಿ ಮಾತ್ರ 1961ರ ಬದಲು 1993ಕ್ಕೆ ಹೋಯಿತು.